ಸೋತವಳ ಕಡೆಯಿಂದ ಥ್ಯಾಂಕ್ಸ್, ಸ್ವಲ್ಪ ತಡವಾಗಿ

ಫಲಿತಾಂಶ ಎಲ್ಲರಿಗೂ ಗೊತ್ತಾಗಿದೆ. ನಾನು ಸೋತೆ. ಅಮೆರಿಕದ ಓಹಾಯೊದಲ್ಲಿ ನಾನು ಓದುವ ಯೂನಿವರ್ಸಿಟಿಯ ಗ್ರಾಜುಯೇಟ್ ವಿದ್ಯಾರ್ಥಿ ಸರ್ಕಾರದ ಉಪಾಧ್ಯಕ್ಷ ಸ್ಥಾನಕ್ಕೆ ಬೇರೆಯವರು ಬಂದಿದ್ದಾರೆ. ಒಳ್ಳೆಯ ಮನುಷ್ಯ, ಕೆಲಸ ಮಾಡುತ್ತಾರೆ. ಎಷ್ಟು ಓಟಿನಿಂದ ಸೋತೆ ಅಂತ ಮಾತ್ರ ಯಾರೂ ಕೇಳಬೇಡಿ. ಅಮ್ಮನಿಗೆ ಕಡಿಮೆ ಮಾಡಿ ಹೇಳಿದ್ದೇನೆ, ಅವಳೂ ಇದನ್ನು ಓದುತ್ತಾಳೆ.

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಮೊದಲು ಪರೀಕ್ಷೆ ಕಾರಣ, ಆಮೇಲೆ ಗ್ರೇಡಿಂಗ್, ಆಮೇಲೆ ನಿದ್ದೆ.

ದಾವಣಗೆರೆಯಿಂದ ಓದುತ್ತಿರುವ ಚಿಕ್ಕಪ್ಪ, ಅತ್ತೆಯರಿಗೆ ಒಂದು ಮಾತು. ಇದು ಎಂಎಲ್‌ಎ ಎಲೆಕ್ಷನ್ ಅಲ್ಲ. ಹೆಸರಿನಲ್ಲಿ 'ಸರ್ಕಾರ' ಇದೆ ಅಷ್ಟೆ. ಎಂಎಸ್, ಪಿಎಚ್‌ಡಿ ಮಾಡುವವರು ಸೇರಿ ಆರಿಸುವ ಸಂಘ. ಕಾನ್ಫರೆನ್ಸಿಗೆ ಹೋಗುವವರಿಗೆ ಪ್ರಯಾಣದ ದುಡ್ಡು ಹಂಚುತ್ತದೆ. ಯೂನಿವರ್ಸಿಟಿಯ ಕಮಿಟಿಗಳಲ್ಲಿ ನಮ್ಮ ಪರವಾಗಿ ಕೂರುತ್ತದೆ. ಸ್ಟೈಪೆಂಡ್, ಆರೋಗ್ಯ ವಿಮೆ, ಬಸ್ಸು, ಪಾರ್ಕಿಂಗ್ ಬಗ್ಗೆ ನಿರ್ಣಯ ಪಾಸು ಮಾಡಿ ಮೇಲಿನವರಿಗೆ ಕಳಿಸುತ್ತದೆ. ಮೇಲಿನವರು ಓದುತ್ತಾರೋ ಇಲ್ಲವೋ, ಅದು ಬೇರೆ ಮಾತು. ಓಟು ಹಾಕುವ ಲಿಂಕ್ ಇಮೇಲ್‌ಗೆ ಬರುತ್ತದೆ. ಬಹಳ ಜನ ಅದನ್ನು ತೆರೆಯುವುದೇ ಇಲ್ಲ.

ಮತ್ತೆ ಯಾಕೆ ನಿಂತೆ ಅಂತ ಅಪ್ಪ ಕೇಳಿದ್ದರು. ಅಲ್ಲ, ಅಪ್ಪ ಮೊದಲು ಕೇಳಿದ್ದು "ಯಾವ ಪಾರ್ಟಿ?" ಅಂತ. ಕರ್ನಾಟಕದ ಕಾಲೇಜುಗಳಲ್ಲಿ ಚುನಾವಣೆ ನಿಂತಿದ್ದು 1989-90ರ ಹೊತ್ತಿಗೆ, ನಾನು ಹುಟ್ಟುವ ಮೊದಲೇ. ವಿದ್ಯಾರ್ಥಿ ಎಲೆಕ್ಷನ್ ಅಂದರೆ ನನಗೆ ಅಪ್ಪನ ಕಥೆಗಳಷ್ಟೇ: ಮೈದಾ ಅಂಟು ಕಾಯಿಸಿ ರಾತ್ರಿ ಗೋಡೆಗೆ ಪೋಸ್ಟರ್ ಹಚ್ಚಿದ್ದು, ಹಾಸ್ಟೆಲ್ ಮೆಸ್ಸಿನಲ್ಲಿ ಹೊಡೆದಾಟ ಆಗಿದ್ದು. ಇಲ್ಲಿ ಹಾಗೇನಿಲ್ಲ. ಇಲ್ಲಿನ ಡಿಬೇಟಿಗೆ ಬಂದ ಜನಕ್ಕಿಂತ ಪಿಜ್ಜಾ ಡಬ್ಬಿಗಳೇ ಜಾಸ್ತಿ ಇದ್ದವು.

ನಿಂತಿದ್ದಕ್ಕೆ ಕಾರಣ ಇದು. ಓಹಾಯೊದಲ್ಲಿ ಸರ್ಕಾರಿ ನೌಕರರಿಗೆ ಯೂನಿಯನ್ ಮೂಲಕ ಸಂಬಳದ ಮಾತುಕತೆ ನಡೆಸುವ ಹಕ್ಕು ಕೊಟ್ಟ 1983ರ ಕಾನೂನು ಒಂದಿದೆ. ನಮ್ಮದು ಸರ್ಕಾರಿ ಯೂನಿವರ್ಸಿಟಿ. ಆದರೂ ಆ ಕಾನೂನು ಓದುತ್ತಾ ಪಾಠ ಮಾಡುವ ನಮ್ಮಂಥವರನ್ನು ಹೊರಗಿಟ್ಟಿದೆ. ನಾವು ವಿದ್ಯಾರ್ಥಿಗಳಂತೆ, ನೌಕರರಲ್ಲವಂತೆ. ಪಕ್ಕದ ಮಿಷಿಗನ್‌ನಲ್ಲಿ ಟಿಎಗಳ, ಅಂದರೆ ಓದುತ್ತಾ ಪಾಠ ಮಾಡುವವರ, ಯೂನಿಯನ್ 1975ರಲ್ಲೇ ಮೊದಲ ಒಪ್ಪಂದ ಮಾಡಿಕೊಂಡಿತ್ತು. ಗಡಿ ದಾಟಿ ಈ ಕಡೆ ಬಂದರೆ ನಮಗೆ ಇರುವುದು ಈ ಸಂಘ, ಅದರ ನಿರ್ಣಯ, ಆ ಪಿಜ್ಜಾ. ಇರುವುದು ಇದೊಂದೇ ಆದರೆ ಇದರಲ್ಲೇ ಕೂರೋಣ ಅನ್ನಿಸಿತು.

ಈಗ ಥ್ಯಾಂಕ್ಸ್. ಲೈಬ್ರರಿ ಮುಂದೆ ಗಾಳಿಯಲ್ಲಿ ಮೇಜು ಹಿಡಿದುಕೊಂಡು ನಿಂತ ಲ್ಯಾಬಿನವರಿಗೆ, ಕರಪತ್ರವನ್ನು ಚೀನೀ ಭಾಷೆಗೆ ತಂದು ವೀಚಾಟ್ ಗುಂಪುಗಳಿಗೆ ಹಾಕಿದ ಗೆಳತಿಗೆ, ನಮ್ಮ ಪ್ರಚಾರದ ಲೆಕ್ಕವನ್ನು ಸೆಂಟಿನ ತನಕ ಬರೆದಿಟ್ಟ ನೈಜೀರಿಯಾದ ಅಣ್ಣನಿಗೆ, "ಥೀಸಿಸ್ ಯಾವಾಗ?" ಅಂತ ಒಂದೇ ಒಂದು ಸಲ ಕೇಳಿ ಸುಮ್ಮನಾದ ಗೈಡ್‌ಗೆ, ಕನ್ನಡ ಸಂಘದ ಯುಗಾದಿ ಊಟದ ಸಾಲಿನಲ್ಲೇ ಓಟು ಕೇಳಲು ಬಿಟ್ಟ ಹಿರಿಯರಿಗೆ, ಎಲ್ಲರಿಗೂ. ಅಧ್ಯಕ್ಷ ಸ್ಥಾನಕ್ಕೆ ನನ್ನ ಜೊತೆ ನಿಂತು ನನ್ನ ಜೊತೆಗೇ ಸೋತ ಹುಡುಗನಿಗೂ. ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಇನ್ನೊಬ್ಬರಿದ್ದಾರೆ. ನನ್ನಂತೆ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಇರುವವರು ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು, ನನಗೆ ಅದು ಟಿಎ ಕೆಲಸಕ್ಕೇ ಮುಗಿಯುತ್ತದೆ, ಹಾಗಾಗಿ ಗೆದ್ದರೆ ಬರುವ ಗೌರವಧನವನ್ನು ಬಿಡಬೇಕಾಗಬಹುದು ಅಂತ ತಾಳ್ಮೆಯಿಂದ ವಿವರಿಸಿದವರು. ಸೋತು ಆ ತಲೆನೋವನ್ನು ತಪ್ಪಿಸಿದ್ದೇನೆ ಮೇಡಂ.

ಇನ್ನು ಅಕ್ಕನ ವಿಷಯ. ಇದನ್ನು ಬರೆಯೋಕೇ ಕೂತಿದ್ದು ನಾನು.

ಸ್ವಂತ ಅಕ್ಕ ಅಲ್ಲ, ನಾನು ಅಕ್ಕ ಅಂತ ಕರೆಯುವವರು. ಹಾಸನದವರು. ಅಲ್ಲಿ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಿದ್ದರು. ಅವರ ಯಜಮಾನರು ಇಲ್ಲಿ ಪಿಎಚ್‌ಡಿ ಮಾಡುತ್ತಿದ್ದಾರೆ, ಅಕ್ಕ ಎಫ್-2 ವೀಸಾದಲ್ಲಿ ಬಂದಿದ್ದಾರೆ. ಎಫ್-2 ಅಂದರೆ ವಿದ್ಯಾರ್ಥಿಯ ಗಂಡ, ಹೆಂಡತಿ, ಮಕ್ಕಳಿಗೆ ಕೊಡುವ ವೀಸಾ, ಕೆಲಸ ಮಾಡುವಂತಿಲ್ಲ. ಫುಲ್‌ಟೈಮ್ ಓದುವಂತಿಲ್ಲ, ಒಂದೆರಡು ಕೋರ್ಸು ಬೇಕಾದರೆ ಮಾಡಬಹುದು. ಅದಕ್ಕೆ ಫೀಸು ಯಾರು ಕೊಡಬೇಕು? ಮನೆಯಲ್ಲಿ ಪುಟ್ಟ ಮಗು. ನಮ್ಮ ಚುನಾವಣೆಯಲ್ಲಿ ಅವರಿಗೆ ಓಟಿಲ್ಲ, ಯಾಕೆಂದರೆ ಅವರು ವಿದ್ಯಾರ್ಥಿಯಲ್ಲ. ನನಗಾಗಿ ಅತಿ ಹೆಚ್ಚು ಓಡಾಡಿದವರು ಅವರೇ.

ಈ ಸಲದ, ಅಂದರೆ 2025ರ, ಮಾರ್ಚ್, ಏಪ್ರಿಲ್ ಹೇಗಿತ್ತು ಅಂತ ಇಲ್ಲಿದ್ದವರಿಗೆ ಹೇಳಬೇಕಿಲ್ಲ. ಊರಿನವರಿಗಾಗಿ ಚಿಕ್ಕದಾಗಿ ಹೇಳುತ್ತೇನೆ. ಮಾರ್ಚ್ 28ಕ್ಕೆ ಓಹಾಯೊ ಗವರ್ನರ್, ಉನ್ನತ ಶಿಕ್ಷಣಕ್ಕೆ ಹೊಸ ನಿಯಮ ತರುವ ಸೆನೆಟ್ ಬಿಲ್ 1ಕ್ಕೆ ಸಹಿ ಹಾಕಿದರು. ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಅಧ್ಯಾಪಕರು ಮುಷ್ಕರ ಮಾಡುವಂತಿಲ್ಲ ಎಂಬುದೂ ಅದರಲ್ಲಿತ್ತು. ಕ್ಯಾಂಪಸ್ಸಿನಲ್ಲಿ ಎಲ್ಲರೂ ಮಾತನ್ನು ಅಳೆದು ಆಡತೊಡಗಿದರು. ಅದೇ ಹೊತ್ತಿಗೆ ದೇಶದ ತುಂಬ ವಿದೇಶಿ ವಿದ್ಯಾರ್ಥಿಗಳ ಸೆವಿಸ್ ದಾಖಲೆಗಳು ರದ್ದಾಗಲು ಶುರುವಾದವು. ಸೆವಿಸ್ ಅಂದರೆ ಯಾರು ಎಲ್ಲಿ ಓದುತ್ತಿದ್ದಾರೆ ಅಂತ ಇಲ್ಲಿನ ಕೇಂದ್ರ ಸರ್ಕಾರ ಇಡುವ ಲೆಕ್ಕ. ಅಲ್ಲಿ ದಾಖಲೆ ಹೋದರೆ ಇಲ್ಲಿ ಇರುವ ಆಧಾರವೇ ಅಲುಗಾಡುತ್ತದೆ. ಎಷ್ಟೋ ಜನಕ್ಕೆ ಕಾರಣವನ್ನೇ ಹೇಳಲಿಲ್ಲ. ಕೆಲವರದ್ದು ಯಾವತ್ತೋ ಕಟ್ಟಿದ ಟ್ರಾಫಿಕ್ ದಂಡ. ಏಪ್ರಿಲ್ 25ಕ್ಕೆ ಸರ್ಕಾರ ದಾಖಲೆಗಳನ್ನು ಮತ್ತೆ ಸರಿ ಮಾಡುತ್ತೇವೆ ಅಂತ ಕೋರ್ಟಿನಲ್ಲಿ ಹೇಳಿತು. ನಮ್ಮ ಓಟು ಮುಗಿದಿದ್ದು ಅದಕ್ಕೂ ಮೊದಲು.

ಆಗ ನನ್ನ ಮುಖ ಇರುವ ಪೋಸ್ಟರ್ ಪ್ರತಿ ಬಿಲ್ಡಿಂಗಿನಲ್ಲೂ ಇತ್ತು. ಅಮ್ಮ ದಿನಾ ಫೋನಿನಲ್ಲಿ ಒಂದೇ ಮಾತು: "ಓದಾಕ್ ಹೋಗೀಯ, ಓದ್ಕಂಡು ಬಾರವ್ವ. ಆ ಫೋಟೋ ತೆಗಿಸು ಮೊದ್ಲು." ನಾನು ನಗುತ್ತಿದ್ದೆ. ಫೋನ್ ಇಟ್ಟ ಮೇಲೆ ನಗು ಬರುತ್ತಿರಲಿಲ್ಲ.

ಓಟಿಗೆ ಮುಂಚಿನ ಆ ರಾತ್ರಿ ಏನಾಯಿತು ಅಂತ ಹತ್ತಿರದವರಿಗೆ ಗೊತ್ತು. ಬಂದ ಮೆಸೇಜುಗಳನ್ನು, ಎಲೆಕ್ಷನ್ ಕಮಿಟಿಗೆ ಹೋದ ದೂರನ್ನು ಮತ್ತೆ ಇಲ್ಲಿ ಬರೆಯುವುದಿಲ್ಲ. ನಮ್ಮ ಪರಿಚಯದವನೊಬ್ಬನಿಗೆ ಸೆವಿಸ್ ಇಮೇಲ್ ಬಂದದ್ದೂ ಅವತ್ತೇ ಸಂಜೆ. ನಾನು ಕೂತು ನಾಮಪತ್ರ ವಾಪಸ್ ಪಡೆಯುವ ಪತ್ರ ಬರೆದೆ. ಕಳಿಸುವ ಮುಂಚೆ ಅಕ್ಕನಿಗೆ ಒಂದು ಮಾತು ಹೇಳೋಣ ಅಂತ ಫೋನ್ ಮಾಡಿದೆ. ಅವರು ಮಗುವನ್ನು ಯಜಮಾನರ ಹತ್ತಿರ ಬಿಟ್ಟು, ಒಂದು ಡಬ್ಬಿ ಬಸ್ಸಾರು ಹಿಡಿದುಕೊಂಡು ನಡೆದೇ ಬಂದರು. ಹೊರಗೆ ಹಿಮ ಬೀಳುತ್ತಿತ್ತು. ಓಹಾಯೊದ ಏಪ್ರಿಲ್ ಹಾಗೆಯೇ.

ಧೈರ್ಯ ಹೇಳುತ್ತಾರೆ ಅಂದುಕೊಂಡಿದ್ದೆ. ಹೇಳಲಿಲ್ಲ. "ಎಲ್ಲಿ, ಆ ಲೆಟರ್ ತೋರಿಸು" ಅಂದರು. ಪ್ರಿಂಟ್ ತೆಗೆಸಿದರು. ಪೆನ್ನು ಕೇಳಿದರು. ಆಮೇಲೆ ಉತ್ತರ ಪತ್ರಿಕೆ ತಿದ್ದುವ ಹಾಗೆ ಸಾಲು ಸಾಲಾಗಿ ತಿದ್ದಿದರು. ಒಂದು ಕಡೆ ಕಾಲ ತಪ್ಪಿತ್ತು, ಎರಡು ಕಡೆ ಕಾಮಾ ಜಾಸ್ತಿ ಆಗಿತ್ತು. "ಕ್ಷಮಿಸಿ" ಅಂತ ನಾನು ಬರೆದ ಕಡೆಯಲ್ಲೆಲ್ಲ ಗೀಟು ಎಳೆದರು. "ಯಾಕಕ್ಕ?" ಅಂದರೆ, "ಯಾರಿಗೆ ಏನು ಮಾಡಿದ್ದೀಯ ಅಂತ ಕ್ಷಮೆ ಕೇಳ್ತಿದ್ದೀಯ? ಬಿಡೋದಾದ್ರೆ ಬಿಡು. ಅದನ್ನ ನೆಟ್ಟಗೆ ಬರಿ" ಅಂದರು. ಪತ್ರ ಅರ್ಧ ಪುಟಕ್ಕೆ ಇಳಿಯಿತು. "ಈಗ ಸರಿಯಾಗಿದೆ. ಕಳಿಸಿದ್ರೂ ನಂಗೆ ಬೇಜಾರಿಲ್ಲ, ಕಳಿಸದೆ ಇದ್ರೂ ಇಲ್ಲ. ನಿದ್ದೆ ಮಾಡಿ ಎದ್ದು ಕಳಿಸು, ಅಷ್ಟೇ."

ನಿದ್ದೆ ಎಲ್ಲಿಂದ ಬರಬೇಕು? ಹಾಗಂತ ಅವರೂ ಸುಮ್ಮನೆ ಕೂರಲಿಲ್ಲ. "ಪಾಸ್‌ಪೋರ್ಟ್ ಎಲ್ಲಿ? ಐ-20 ಎಲ್ಲಿ? ಐ-94 ಪ್ರಿಂಟ್ ತೆಗ್ದಿದ್ದೀಯಾ?" ಯೂನಿವರ್ಸಿಟಿ ಕೊಟ್ಟ ಐ-20, ದೇಶಕ್ಕೆ ಬಂದ ದಾಖಲೆಯಾದ ಐ-94, ಎಲ್ಲದರದ್ದೂ ಎರಡೆರಡು ಕಾಪಿ ಮಾಡಿದರು. ಒಂದು ಕಟ್ಟು ನನಗೆ, ಇನ್ನೊಂದು ಅವರ ಮನೆಗೆ. ವಿದ್ಯಾರ್ಥಿಗಳಿಗೆ ಕಾನೂನು ಸಲಹೆ ಕೊಡುವವರ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದರು. "ಫೋನ್ ಕೈಯಲ್ಲಿ ಇಲ್ದೆ ಇದ್ರೆ ಬೇಕಾಗತ್ತೆ, ಬಾಯಿಪಾಠ ಮಾಡು" ಅಂದರು. ಮಾಡಿದೆ. ಈಗಲೂ ನೆನಪಿದೆ.

ಬೆಳಗಿನ ಜಾವಕ್ಕೆ ನಾನು ಅಳುತ್ತಿದ್ದೆ. ಎಲ್ಲ ಕಳೆದುಕೊಳ್ಳುತ್ತೇನೆ, ಇಷ್ಟು ವರ್ಷದ ಓದು, ಲ್ಯಾಬು, ಅಪ್ಪ ತೀರಿಸುತ್ತಿರುವ ಸಾಲ, ಅಂತ ಒಂದೇ ಸಮನೆ ಹೇಳುತ್ತಿದ್ದೆ. ಅಕ್ಕ ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಆಮೇಲೆ ಹೇಳಿದರು: "ನಿಂಗೆ ಕಳ್ಕೊಳ್ಳೋಕೆ ಏನೋ ಇದೆ ಕಣೇ. ನಂಗೆ ಈ ಊರಲ್ಲಿ ಅದೂ ಇಲ್ಲ. ಆ ಸೆವಿಸ್‌ನಲ್ಲೂ ನಾನು ಇನ್ನೊಬ್ರ ಹೆಸರಿನ ಕೆಳಗೆ ಇದ್ದೀನಿ."

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಹೊಟ್ಟೆಕಿಚ್ಚೂ ಅಲ್ಲ. ಹೊರಗೆ ಮಳೆ ಬರ್ತಿದೆ ಅನ್ನುವಷ್ಟೇ ಸಲೀಸಾಗಿ ಹೇಳಿದರು. ನನಗೆ ಮಾತ್ರ ಕೆನ್ನೆಗೆ ಬಿದ್ದಂತಾಯಿತು. ಇವರು ಮುನ್ನೂರು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಟ್ಟವರು. ನಾನು ಇಲ್ಲಿ ಸಂಬಳ ತೆಗೆದುಕೊಂಡು ಮಾಡುವ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡಬಲ್ಲವರು. ಅವರು ನನ್ನ ಅಡುಗೆಮನೆಯಲ್ಲಿ ಕೂತು ನನ್ನ ಪತ್ರದ ಕಾಮಾ ತಿದ್ದುತ್ತಿದ್ದಾರೆ. ಇದಕ್ಕೆ ಏನು ಹೇಳಬೇಕೋ ಇವತ್ತಿಗೂ ನನಗೆ ಗೊತ್ತಿಲ್ಲ. ಅವತ್ತೂ ಗೊತ್ತಿರಲಿಲ್ಲ. ಬಸ್ಸಾರು ಬಿಸಿ ಮಾಡಿದೆ, ಇಬ್ಬರೂ ಅನ್ನಕ್ಕೆ ಕಲಸಿಕೊಂಡು ತಿಂದೆವು.

ಪತ್ರ ಕಳಿಸಲಿಲ್ಲ. ಧೈರ್ಯ ಬಂತು ಅಂತಲ್ಲ. ಎದ್ದಾಗ ಹನ್ನೊಂದಾಗಿತ್ತು, ಹನ್ನೆರಡಕ್ಕೆ ಮೇಜು ಹಾಕುವ ಪಾಳಿ ನನ್ನದಿತ್ತು, ಹೋದೆ. ಅಕ್ಕ ಆಗಲೇ ಮಗುವನ್ನು ಸ್ಟ್ರೋಲರಿನಲ್ಲಿ ಕೂರಿಸಿಕೊಂಡು ಅಲ್ಲಿಗೆ ಬಂದು ಕರಪತ್ರ ಹಂಚುತ್ತಿದ್ದರು. ಮಗುವೇ ಕರಪತ್ರ ಕೊಟ್ಟರೆ ಯಾರೂ ಬೇಡ ಅನ್ನುವುದಿಲ್ಲ ಅಂತ ಅಕ್ಕನ ಲೆಕ್ಕ. ನಿಜ, ಅವತ್ತು ಹೋದಷ್ಟು ಕರಪತ್ರ ಬೇರೆ ಯಾವತ್ತೂ ಹೋಗಲಿಲ್ಲ.

ಅದೇ ಮಧ್ಯಾಹ್ನ ಕರಪತ್ರದ ಕೆಳಗೆ ಕೈಯಲ್ಲೇ ಒಂದು ಸಾಲು ಸೇರಿಸಿದೆವು: ಗಂಡ, ಹೆಂಡತಿ, ಮಕ್ಕಳ ಆರೋಗ್ಯ ವಿಮೆಯ ದರ. ನಮ್ಮ ವಿಮೆಯಲ್ಲಿ ಯೂನಿವರ್ಸಿಟಿ ಒಂದಷ್ಟು ಪಾಲು ಹಾಕುತ್ತದೆ. ಮನೆಯವರನ್ನು ಸೇರಿಸಿದರೆ ಆ ದುಡ್ಡು ಪೂರ್ತಿ ಸ್ಟೈಪೆಂಡಿನಿಂದಲೇ ಹೋಗಬೇಕು. "ಅವರಿಗೆ ಓಟೇ ಇಲ್ಲವಲ್ಲ, ಇದರಿಂದ ಏನು ಲಾಭ?" ಅಂತ ಒಬ್ಬರು ಕೇಳಿದರು. ಲೆಕ್ಕ ಅವರದ್ದೇ ಸರಿ. ಆ ಸಾಲಿನಿಂದ ನಮಗೆ ಓಟು ಬಂದ ಹಾಗೆ ಕಾಣಲಿಲ್ಲ. ಆದರೆ ಸಂಜೆಯೊಳಗೆ ಸ್ಟ್ರೋಲರ್ ತಳ್ಳಿಕೊಂಡು ಬಂದ ಕೊರಿಯಾದ, ಬಾಂಗ್ಲಾದ, ಇರಾನಿನ ಹೆಂಗಸರು ಅಕ್ಕನ ಸುತ್ತ ನಿಂತಿದ್ದರು. ನಾನು ಬದಿಯಲ್ಲಿ ನಿಂತು ಪೆನ್ನು ಕೊಡುತ್ತಿದ್ದೆ.

ಅಕ್ಕ, ನಿಮ್ಮ ಹೆಸರು ಹಾಕಬೇಡ ಅಂದಿರಿ, ಹಾಕಿಲ್ಲ. ಡಬ್ಬಿ ತೊಳೆದಿಟ್ಟಿದ್ದೇನೆ.

ಮುಂದಿನ ಕೆಲಸ. ಗೆದ್ದವರು ಫೋನ್ ಮಾಡಿ ವಿಮೆ ಕಮಿಟಿಯಲ್ಲಿ ಕೂರುತ್ತೀರಾ ಅಂತ ಕೇಳಿದರು, ಒಪ್ಪಿಕೊಂಡೆ. ಆಗಸ್ಟಿನಲ್ಲಿ ಮೊದಲ ಸಭೆ. ಕೇಳಬೇಕಾದ ಪ್ರಶ್ನೆಗಳನ್ನು ಅಕ್ಕ ನಂಬರ್ ಹಾಕಿ ಬರೆದುಕೊಟ್ಟಿದ್ದಾರೆ. ನಿಮ್ಮ ಮನೆಯಲ್ಲಿ ಎಫ್-2 ಅಥವಾ ಜೆ-2ನವರು (ಜೆ-1 ಎಂಬ ಎಕ್ಸ್‌ಚೇಂಜ್ ವೀಸಾದವರ ಗಂಡ, ಹೆಂಡತಿ, ಮಕ್ಕಳು) ಇದ್ದರೆ, ವಿಮೆಗೆ ಎಷ್ಟು ಕಟ್ಟಿದಿರಿ, ಯಾವ ವರ್ಷ, ಅಥವಾ ಕಟ್ಟಲಾಗದೆ ಬಿಟ್ಟಿರಾ, ಇಷ್ಟನ್ನು ಜುಲೈ ಮುಗಿಯುವುದರೊಳಗೆ ನನಗೆ ಬರೆದು ಕಳಿಸಿ. ಹೆಸರು ಬೇಡ. ಮತ್ತೆ ಆ ಮಡಚುವ ಮೇಜು ಯಾರದ್ದು ಅಂತ ಇನ್ನೂ ಗೊತ್ತಾಗಿಲ್ಲ, ನನ್ನ ಮನೆಯಲ್ಲೇ ಇದೆ. ನಿಮ್ಮದಾದರೆ ಬಂದು ತೆಗೆದುಕೊಂಡು ಹೋಗಿ. ಒಂದು ಕಾಲು ಸ್ವಲ್ಪ ಸಡಿಲ.