ರೈಲು ಓಡದ ದಾರಿಯನ್ನು ನಡೆಯುವವರಿಗೆ ಕೊಡಿ: ಪ್ರವಾಸೋದ್ಯಮ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಪ್ರವಾಸೋದ್ಯಮ ಸಚಿವರೇ,

ನಮಸ್ಕಾರ. ನಾನು ಸಕಲೇಶಪುರ ತಾಲ್ಲೂಕಿನವನು. ಮಳೆಗಾಲ ಶುರುವಾಯಿತೆಂದರೆ ಬೆನ್ನಿಗೆ ಬ್ಯಾಗ್ ಹಾಕಿಕೊಂಡ ಹುಡುಗ ಹುಡುಗಿಯರು ನಮ್ಮ ಕಡೆ ಬರುತ್ತಾರೆ. ದೋಣಿಗಲ್‌ನಿಂದ ಮಂಗಳೂರಿನ ಕಡೆ ಘಾಟಿ ಇಳಿಯುವ ರೈಲು ಹಳಿ ಹಿಡಿದು ಎಡಕುಮೇರಿ ಸ್ಟೇಷನ್ ತನಕ ನಡೆಯಬೇಕು ಅನ್ನುವುದು ಅವರ ಆಸೆ. ರೈಲ್ವೆ ಪೊಲೀಸರು ತಡೆದು ವಾಪಸ್ ಕಳಿಸುತ್ತಾರೆ. ಅವರು ಹೋದರೆ ಇನ್ನೊಂದು ಗುಂಪು ಬರುತ್ತದೆ.

ಪೊಲೀಸರು ಮಾಡುವುದು ಸರಿ. 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಹೀಗೆ ಹಳಿ ಮೇಲೆ ಹೋಗುವುದು ಅಪರಾಧ, 6 ತಿಂಗಳವರೆಗೆ ಜೈಲೂ ಆಗಬಹುದು. ಈ ಘಾಟಿಯಲ್ಲಿ 57 ಸುರಂಗಗಳಿವೆ. ಸುರಂಗದ ನಡುವೆ ಇರುವಾಗ ಗೂಡ್ಸ್ ಗಾಡಿ ಬಂದರೆ ಓಡಿ ಪಾರಾಗುವುದು ಸುಲಭವಲ್ಲ. ಓಡುತ್ತಿರುವ ಲೈನನ್ನು ಅವರಿಗೆ ಬಿಟ್ಟುಕೊಡಿ ಎಂದು ನಾನು ಕೇಳುತ್ತಿಲ್ಲ. ರೈಲು ಓಡದ ಹಳೇ ದಾರಿ ಒಂದನ್ನು ಹುಡುಕಿ ಕೊಡಿ ಎಂದು ಕೇಳುತ್ತಿದ್ದೇನೆ.

ಈ ಹುಚ್ಚು ಎಲ್ಲಿಂದ ಬಂತು ಅನ್ನುವುದು ನಮ್ಮ ಊರಿನವರಿಗೆ ಗೊತ್ತು. 1979ರಲ್ಲಿ ಶುರುವಾದ ಇಲ್ಲಿನ ಮೀಟರ್ ಗೇಜ್ (ಕಡಿಮೆ ಅಗಲದ ಹಳಿ) ಲೈನು ಬ್ರಾಡ್ ಗೇಜ್ (ಅಗಲ ಹಳಿ) ಮಾಡಲೆಂದು 1996ರಲ್ಲಿ ನಿಂತಿತು. ಗೂಡ್ಸ್ ಮತ್ತೆ ಬಂದದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಕೊನೆಗೆ. ನಡುವಿನ ಆ ಹತ್ತು ವರ್ಷ ಜನ ಆ ದಾರಿಯಲ್ಲಿ ನಡೆದರು. ಗ್ರೀನ್ ರೂಟ್ ಅನ್ನುವ ಹೆಸರು ಬೆಂಗಳೂರಿನ ಕಾಲೇಜುಗಳ ತನಕ ಹೋಯಿತು. ರೈಲು ವಾಪಸ್ ಬಂದದ್ದು ಒಳ್ಳೆಯದೇ ಆಯಿತು, ಮಂಗಳೂರಿಗೆ ಅದು ಬೇಕೇ ಬೇಕು. ಆದರೆ ಒಮ್ಮೆ ಹುಟ್ಟಿದ ಆಸೆ ಬೋರ್ಡ್ ಹಾಕಿದ ಮಾತ್ರಕ್ಕೆ ಹೋಗುತ್ತಾ?

ಮಗಳನ್ನು ನೋಡಲು ಇಂಗ್ಲೆಂಡಿಗೆ ಹೋಗಿದ್ದಾಗ ಇದಕ್ಕೊಂದು ಉತ್ತರ ಕಣ್ಣಾರೆ ಕಂಡೆ. ಅದಕ್ಕೇ ಈ ಪತ್ರ.

ಡರ್ಬಿಶೈರ್‌ನಲ್ಲಿ ಮಾನ್ಸಲ್ ಟ್ರೇಲ್ ಅಂತ ಒಂದು ದಾರಿ ಇದೆ. ವೈ ನದಿಯ ಕಣಿವೆಯಲ್ಲಿ ಎಂಟೂವರೆ ಮೈಲಿ, ಅಂದರೆ ಹದಿಮೂರು ಹದಿನಾಲ್ಕು ಕಿಲೋಮೀಟರ್. ಲಂಡನ್ನಿನಿಂದ ಮ್ಯಾಂಚೆಸ್ಟರಿಗೆ ಹೋಗುತ್ತಿದ್ದ ಮಿಡ್‌ಲ್ಯಾಂಡ್ ರೈಲ್ವೆಯ ಮುಖ್ಯ ಲೈನು ಅದು, 1863ರದ್ದು. 1968ರಲ್ಲಿ ರೈಲು ನಿಂತಿತು. ಕೆಲವು ವರ್ಷ ಸುಮ್ನೆ ಬಿದ್ದಿತ್ತು. ಆಮೇಲೆ ಅಲ್ಲಿನ ಪೀಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನದವರು ಅದನ್ನು ವಹಿಸಿಕೊಂಡು 1981ರಲ್ಲಿ ಜನರಿಗೆ ತೆರೆದರು. ನಡೆಯುವವರು, ಸೈಕಲ್ಲಿನವರು, ಕುದುರೆ ಸವಾರರು, ಗಾಲಿಕುರ್ಚಿಯವರು ಎಲ್ಲರಿಗೂ ಪ್ರವೇಶ, ಟಿಕೆಟ್ ಇಲ್ಲ.

ನಾವು ಬೇಕ್‌ವೆಲ್ ಕಡೆಯಿಂದ ಹೊರಟೆವು. ಹೆಡ್‌ಸ್ಟೋನ್ ಸುರಂಗ ಸುಮಾರು ಅರ್ಧ ಕಿಲೋಮೀಟರ್ ಉದ್ದ. ಒಳಗೆ ಕಾಲಿಟ್ಟ ಕೂಡಲೇ ತಂಪು ಗಾಳಿ ಮೈಗೆ ಹೊಡೆಯಿತು. ಗೋಡೆ ಪಕ್ಕದಲ್ಲಿ ಸಾಲಾಗಿ ದೀಪಗಳು, ಅಲ್ಲಲ್ಲಿ ತೊಟ್ಟಿಕ್ಕುವ ನೀರು. ಉಗಿಬಂಡಿಯ ಮಸಿ ಕಲ್ಲಿನಲ್ಲಿ ಇನ್ನೂ ಇಳಿದೇ ಇದೆ. ಬೆರಳಿಟ್ಟರೆ ಒರಟು ಒರಟು. ಮಕ್ಕಳು ಕೂಗಿ ಕೂಗಿ ಪ್ರತಿಧ್ವನಿ ಕೇಳುತ್ತಿದ್ದರು. ಬ್ಯಾಟರಿ ಗಾಡಿಯಲ್ಲಿ ಕೂತ ಒಬ್ಬ ಅಜ್ಜಿ ನಮ್ಮನ್ನು ಹಿಂದೆ ಹಾಕಿ ಹೋದರು. ಸುರಂಗ ಮುಗಿಯುತ್ತಿದ್ದಂತೆ ನೇರವಾಗಿ ಎತ್ತರದ ಕಲ್ಲು ಸೇತುವೆ, ಕೆಳಗೆ ನದಿ. ಈ ಸೇತುವೆ ಕಟ್ಟಿದ ಕಾಲದಲ್ಲಿ ಇಂಗ್ಲಿಷ್ ಲೇಖಕ ಜಾನ್ ರಸ್ಕಿನ್ ಅಂಥ ದೊಡ್ಡವರು ಕಣಿವೆ ಹಾಳಾಯಿತೆಂದು ಸಿಟ್ಟಾಗಿದ್ದರು. ಈಗ ಅದೇ ಸೇತುವೆ ರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿದೆ.

ಸ್ವಾಮಿ, ಇಲ್ಲಿ ಒಂದು ವಿಷಯ ತಾವು ಗಮನಿಸಬೇಕು. ಇದೆಲ್ಲ ಒಂದೇ ಸಲಕ್ಕೆ ಆದದ್ದಲ್ಲ. ಸುರಂಗಗಳು ಅಪಾಯವೆಂದು 30 ವರ್ಷ ಮುಚ್ಚಿಟ್ಟಿದ್ದರು. ನಡೆಯುವವರು ಗುಡ್ಡ ಹತ್ತಿ ಇಳಿದು ಬಳಸಿ ಹೋಗುತ್ತಿದ್ದರು. 2011ರಲ್ಲಷ್ಟೇ ರಿಪೇರಿ ಮಾಡಿ, ದೀಪ ಹಾಕಿ ತೆರೆದದ್ದು. ಕತ್ತಲಾದ ಮೇಲೆ ಆ ದೀಪ ಉರಿಯುವುದಿಲ್ಲ. ಮೊದಲು ಸುಲಭವಾದಷ್ಟು ತೆರೆದರು, ಕಷ್ಟದ್ದನ್ನು ದುಡ್ಡು ಹೊಂದಿದಾಗ ಮಾಡಿದರು. ನಮಗೂ ಅದೇ ಸಾಕು.

ಹಳೇ ರೈಲುದಾರಿಯೇ ಯಾಕೆ, ಬೇರೆ ಕಾಲುದಾರಿ ಸಾಲದೇ ಎಂದು ಯಾರಾದರೂ ಕೇಳಬಹುದು. ರೈಲಿಗೆ ಏರು ಆಗಿಬರುವುದಿಲ್ಲ. ನಮ್ಮ ಘಾಟಿಯಲ್ಲೇ 50 ಅಡಿ ಹೋದರೆ 1 ಅಡಿ ಏರು, ರೈಲಿನ ಲೆಕ್ಕದಲ್ಲಿ ಅದೇ ಬಹಳ ಕಡಿದು. ಹಾಗಾಗಿ ರೈಲಿಗೆಂದು ಗುಡ್ಡ ಕೊರೆದು, ಹಳ್ಳ ತುಂಬಿ ಮಾಡಿದ ದಾರಿ ಅರವತ್ತು ದಾಟಿದವರಿಗೂ, ಆಗಷ್ಟೇ ಸೈಕಲ್ ಕಲಿತ ಮಗುವಿಗೂ ಆಗುತ್ತದೆ. ನನ್ನ ಮಂಡಿ ನೋವಿಗೆ ಕುಮಾರಪರ್ವತ ಕನಸಿನ ಮಾತು. ಇಂಗ್ಲೆಂಡಿನ ಆ ಕಣಿವೆಯನ್ನು ಮಾತ್ರ ಆರಾಮಾಗಿ ನೋಡಿದೆ.

ದಾರಿಯುದ್ದಕ್ಕೂ ಹಳೇ ಸ್ಟೇಷನ್‌ಗಳು ಬದುಕಿಕೊಂಡಿವೆ. ಹ್ಯಾಸಪ್ ಸ್ಟೇಷನ್‌ನಲ್ಲಿ ಹೋಟೆಲ್ಲು, ಬಾಡಿಗೆ ಸೈಕಲ್ಲು. ಮಿಲ್ಲರ್ಸ್ ಡೇಲ್ ಸ್ಟೇಷನ್‌ನಲ್ಲಿ ಹಳೇ ಪ್ಲಾಟ್‌ಫಾರಂ ಪಕ್ಕ ಟೀ ಕುಡಿಯಬಹುದು. ನಮ್ಮಲ್ಲಾದರೆ ಸ್ತ್ರೀಶಕ್ತಿ ಸಂಘದವರು ಕಡುಬು, ಅಕ್ಕಿರೊಟ್ಟಿ ಮಾಡಿ ಕೊಟ್ಟರೂ ನಾಲ್ಕು ಕಾಸು ಊರಲ್ಲೇ ಉಳಿಯುತ್ತದೆ, ಅಲ್ವಾ? ರೆಸಾರ್ಟ್ ಬಂದರೆ ದುಡ್ಡು ಗೇಟಿನೊಳಗೇ ಉಳಿಯುತ್ತದೆ. ನಡೆಯಲು ಬಂದವರು ಊರಿನ ನಡುವೆ ಹಾದು ಹೋಗುತ್ತಾರೆ.

ನಮ್ಮಲ್ಲಿ ಅಂಥ ದಾರಿ ಎಲ್ಲಿದೆ? ಮೈಸೂರು ಅರಸರ ಕಾಲದಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ನ್ಯಾರೋ ಗೇಜ್‌ನ ಪುಟ್ಟ ರೈಲು ಓಡುತ್ತಿತ್ತು. ಅದು ನಿಂತು ಎಷ್ಟೋ ಕಾಲವಾಯಿತು. ಆ ದಾರಿಯಲ್ಲಿ ಏನೇನು ಉಳಿದಿದೆ, ಯಾರ ಕೈಯಲ್ಲಿದೆ ಎಂದು ಒಮ್ಮೆ ಅಳೆದು ನೋಡಿಸಿ. ಗೇಜ್ ಬದಲಿಸುವಾಗ, ಜೋಡಿ ಹಳಿ ಹಾಕುವಾಗ ತಿರುವು ನೇರ ಮಾಡಲು ಹಳೇ ದಾರಿಯ ತುಂಡುಗಳನ್ನು, ಸೇತುವೆಗಳನ್ನು ಬಿಟ್ಟುಬಿಡುವುದೂ ಉಂಟು. ಅವುಗಳ ಪಟ್ಟಿಯೂ ಆಗಬೇಕು. ಐದಾರು ಕಿಲೋಮೀಟರ್ ಸಿಕ್ಕರೂ ಸಾಕು.

ಕಾಡಿನೊಳಗೆ ಹೋಗುವ ಭಾಗ ಮಾತ್ರ ಬೇಡ. ಆನೆಗಳ ಕಷ್ಟ ನಮಗೇ ಸಾಕಷ್ಟಿದೆ. ಅವುಗಳ ಓಡಾಟದ ಜಾಗಕ್ಕೆ ಸೈಕಲ್ ತಂದು ಅವಕ್ಕೂ ನಮಗೂ ತೊಂದರೆ ಜಾಸ್ತಿ ಮಾಡುವುದು ಬೇಡ. ಈಗಾಗಲೇ ಯಾರಾದರೂ ಉಳುಮೆ ಮಾಡುತ್ತಿರುವ ಜಾಗವಾದರೆ ಅವರನ್ನು ಎಬ್ಬಿಸಿ ದಾರಿ ಮಾಡಬೇಡಿ.

ಜಾಗ ಕೊಟ್ಟರೆ ನಾಳೆ ರೈಲಿಗೆ ಬೇಕಾದಾಗ ಏನು ಮಾಡುವುದು ಎಂದು ರೈಲ್ವೆಯವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಮೆರಿಕದಲ್ಲಿ ಇದಕ್ಕೆಂದೇ 1983ರಲ್ಲಿ ಕಾನೂನು ತಿದ್ದಿದರು. ದಾರಿಯನ್ನು ತುಂಡು ತುಂಡಾಗಿ ಮಾರದೆ ಜನರ ಓಡಾಟಕ್ಕೆ ಬಳಸಿ, ಮುಂದೆ ರೈಲು ಬೇಕೆಂದರೆ ವಾಪಸ್ ಕೊಡುವ ಏರ್ಪಾಡು ಅದು. ಹೀಗೆ ಮಾಡಿದರೆ ಒತ್ತುವರಿಯೂ ತಪ್ಪುತ್ತದೆ. ಜನ ದಿನಾ ಓಡಾಡುವ ಜಾಗಕ್ಕೆ ಬೇಲಿ ಹಾಕುವ ಧೈರ್ಯ ಸುಲಭಕ್ಕೆ ಯಾರಿಗೂ ಬರುವುದಿಲ್ಲ.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ರೈಲ್ವೆ, ಅರಣ್ಯ, ಕಂದಾಯ ಇಲಾಖೆಯವರನ್ನು ತಾವೇ ಒಂದು ಮೇಜಿಗೆ ಕರೆಯಿರಿ. ಕೈಬಿಟ್ಟ ರೈಲುದಾರಿಗಳ ಪಟ್ಟಿ ಮಾಡಿಸಿ, ಜನರ ಮುಂದಿಡಿ. ಅದರಲ್ಲಿ ಒಂದನ್ನು ಆರಿಸಿ, ಮಣ್ಣು ಗಟ್ಟಿ ಮಾಡಿ, ಸೇತುವೆಗೆ ಕಂಬಿ ಹಾಕಿಸಿ ತೆರೆಯಿರಿ. ಕಾಂಕ್ರೀಟ್ ಸುರಿಯುವುದು, ಸೆಲ್ಫಿ ಪಾಯಿಂಟ್ ಕಟ್ಟುವುದು ಯಾವುದೂ ಬೇಡ. ಮುಂದಿನ ಬಜೆಟ್‌ನಲ್ಲಿ ಸರ್ವೆಗೆ ಒಂದಿಷ್ಟು ಹಣ ತೆಗೆದಿಟ್ಟರೆ ಕೆಲಸ ಶುರುವಾದಂತೆ. ಸರ್ವೆಯವರ ಜೊತೆ ನಡೆದು ಹಳೇ ಗುರುತು ತೋರಿಸಲು ಆಯಾ ಊರಿನ ಹಿರಿಯರು ಸಿಕ್ಕೇ ಸಿಗುತ್ತಾರೆ. ಅವರು ಇರುವಾಗಲೇ ಮಾಡಿಸಿ.

ಇತಿ ತಮ್ಮ ವಿಶ್ವಾಸಿ,
ಸಕಲೇಶಪುರ ತಾಲ್ಲೂಕಿನ ಒಬ್ಬ ನಿವಾಸಿ