ಇಲ್ಲದ ದೀಪದ ಪ್ರತಿಬಿಂಬ: ರೆಂಡರಿಂಗ್ ತಂತ್ರಾಂಶದ ದೋಷ ಕುರಿತು ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಬೆಂಬಲ ವಿಭಾಗ

ವಿಷಯ: ಜಿಪಿಯು (ಗ್ರಾಫಿಕ್ಸ್ ಚಿಪ್) ರೆಂಡರಿಂಗ್‌ನಲ್ಲಿ, ಅಡಗಿಸಿಟ್ಟ ಬೆಳಕಿನ ಮೂಲಗಳು ನೆಲ ಮತ್ತು ಗಾಜಿನ ಮೇಲೆ ಪ್ರತಿಫಲಿಸುತ್ತಿರುವುದು

ಮಾನ್ಯರೇ,

ಮೈಸೂರಿನಲ್ಲಿ ಮನೆಗಳ ಒಳಾಂಗಣ ವಿನ್ಯಾಸ ಮಾಡುವ ನಮ್ಮ ಚಿಕ್ಕ ಕಚೇರಿಯು ವಾರ್ಷಿಕ ಚಂದಾ ಕಟ್ಟಿ, ಕಂಪ್ಯೂಟರ್ ಮಾದರಿಯಿಂದ ಫೋಟೊದಂಥ ಚಿತ್ರ ಮೂಡಿಸುವ ನಿಮ್ಮ ರೆಂಡರಿಂಗ್ ತಂತ್ರಾಂಶವನ್ನು ಬಳಸುತ್ತಿದೆ. ಇತ್ತೀಚಿನ ಅಪ್‌ಡೇಟ್ ಹಾಕಿಕೊಂಡಂದಿನಿಂದ, ಕಾಣಿಸಬಾರದೆಂದು ನಾವು ಗುರುತು ಹಾಕಿದ ಬೆಳಕಿನ ಮೂಲಗಳು ಚಿತ್ರಗಳಲ್ಲಿ ಬಿಳಿಯ ಆಯತಗಳಾಗಿ ಕಾಣಿಸಿಕೊಳ್ಳುತ್ತಿವೆ. ಬೆಂಬಲ ವಿಭಾಗದಿಂದ ಈವರೆಗೆ ಬಂದ ಉತ್ತರಗಳು ಈ ದೋಷವನ್ನು ಮುಟ್ಟಿಯೇ ಇಲ್ಲವಾದ್ದರಿಂದ, ಎಲ್ಲವನ್ನೂ ವಿವರವಾಗಿ ಬರೆದು ಈ ದೂರನ್ನು ಸಲ್ಲಿಸುತ್ತಿದ್ದೇವೆ.

ನಾವು ಪರೀಕ್ಷಿಸಿದ ದೃಶ್ಯವು ಪೂರ್ವಕ್ಕೆ ಕಿಟಕಿಯಿರುವ ಒಂದು ನಡುಮನೆ. ಅದರ ನೆಲ ಹೊಳಪು ಕೊಟ್ಟ ರೆಡ್ ಆಕ್ಸೈಡ್, ಒಂದು ಗೋಡೆಗೆ ಗಾಜಿನ ಬಾಗಿಲಿನ ಕಪಾಟು. ಕಿಟಕಿಯ ಹೊರಗೆ, ಆಕಾಶದ ಬೆಳಕಿಗೆ ಬಲ ಕೊಡಲೆಂದು, ಆಯತಾಕಾರದ ಏರಿಯಾ ಲೈಟ್ (ಇಡೀ ಮೈಯಿಂದ ಬೆಳಕು ಚೆಲ್ಲುವ ಕೃತಕ ಫಲಕ) ಒಂದನ್ನು ಮಾದರಿಯಲ್ಲಿ ಇರಿಸಿದ್ದೇವೆ. ಒಳಾಂಗಣ ರೆಂಡರಿಂಗ್ ಮಾಡುವವರಿಗೆಲ್ಲ ಇದು ದಿನನಿತ್ಯದ ಪದ್ಧತಿ. ನಿಜವಾದ ಮನೆಯಲ್ಲಿ ಅಂಥ ಫಲಕ ಇರುವುದಿಲ್ಲವಾದ್ದರಿಂದಲೇ ಅದನ್ನು ಕ್ಯಾಮೆರಾಕ್ಕೂ ಪ್ರತಿಫಲನಕ್ಕೂ ಕಾಣದಂತೆ ಮಾಡುವ ಎರಡು ಆಯ್ಕೆಗಳನ್ನು ನೀವೇ ಒದಗಿಸಿದ್ದೀರಿ. ಎರಡನ್ನೂ ಆರಿಸಿದ್ದರೂ ಈಗ ಕೆಂಪು ನೆಲದ ನಡುವೆ ಟ್ಯೂಬ್‌ಲೈಟ್ ಬಿದ್ದಂತೆ ಬಿಳಿಯ ಪಟ್ಟೆಯೊಂದು ಕಾಣುತ್ತದೆ, ಕಪಾಟಿನ ಗಾಜಿನಲ್ಲಿ ಅದೇ ಆಕಾರ ಮತ್ತೊಮ್ಮೆ ಕಾಣುತ್ತದೆ.

ಕಾರಣ ಹುಡುಕಲು ಪ್ರತಿಯೊಂದು ಬೆಳಕನ್ನೂ ಬೇರೆ ಬೇರೆ ಪದರಗಳಲ್ಲಿ ರೆಂಡರ್ ಮಾಡಿದೆವು. ಬಿಳಿ ಪಟ್ಟೆ ಕಿಟಕಿಯ ಬೆಳಕಿನ ಪದರದಲ್ಲಿ ಮಾತ್ರ ಇತ್ತು. ಒಳಚಾವಣಿಯ ಡೌನ್‌ಲೈಟ್‌ಗಳಿಗೂ, ಅವುಗಳ ಬೆಳಕು ಹರಡುವ ರೀತಿಯನ್ನು ಹೇಳುವ ಐಇಎಸ್ ಫೈಲ್‌ಗಳಿಗೂ ಅದರೊಂದಿಗೆ ಸಂಬಂಧವಿರಲಿಲ್ಲ. ನೆಲದ ನುಣುಪನ್ನು ತಗ್ಗಿಸುತ್ತ ಹೋದಂತೆ ಪಟ್ಟೆಯ ಅಂಚು ಮಸುಕಾಗುತ್ತದೆ, ಕ್ಯಾಮೆರಾ ಸರಿಸಿದರೆ ಪಟ್ಟೆಯೂ ಸರಿಯುತ್ತದೆ. ಅಂದರೆ ಇದು ಸ್ಯಾಂಪಲ್ (ಚಿತ್ರದ ಪ್ರತಿ ಚುಕ್ಕೆಗೂ ಲೆಕ್ಕ ಹಾಕುವ ಬೆಳಕಿನ ಕಿರಣಗಳು) ಸಾಲದೆ ಹುಟ್ಟಿದ ಕಲೆಯಲ್ಲ, ತಂತ್ರಾಂಶ ನಿಷ್ಠೆಯಿಂದ ಲೆಕ್ಕ ಹಾಕಿದ, ಆದರೆ ಹಾಕಲೇಬಾರದಾಗಿದ್ದ ಪ್ರತಿಫಲನ. ನಾಲ್ಕು ಗೋಡೆ, ಒಂದು ನೆಲ, ಒಂದು ಬೆಳಕು ಮಾತ್ರವಿರುವ ಹೊಸ ಫೈಲಿನಲ್ಲಿಯೂ ಇದೇ ಆಗುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಅದೇ ಫೈಲನ್ನು ಸಿಪಿಯು (ಕಂಪ್ಯೂಟರಿನ ಮುಖ್ಯ ಚಿಪ್) ಮೂಲಕ ರೆಂಡರ್ ಮಾಡಿದರೆ ಪಟ್ಟೆ ಇರುವುದಿಲ್ಲ. ಒಂದೇ ಆಯ್ಕೆಯನ್ನು ಸಿಪಿಯು ಪಾಲಿಸಿ ಜಿಪಿಯು ಕಡೆಗಣಿಸುತ್ತಿರುವಾಗ ತಪ್ಪು ನಮ್ಮ ದೃಶ್ಯದಲ್ಲಿದೆ ಎನ್ನಲು ಸಾಧ್ಯವಿಲ್ಲ.

ನಿಮ್ಮ ಸಿಬ್ಬಂದಿ ಮೊದಲು ಸ್ಯಾಂಪಲ್ ಹೆಚ್ಚಿಸಲು ಹೇಳಿದರು. ಬೆಳಕಿನ ಕಿರಣಗಳ ಹಾದಿಯನ್ನು ಹಿಂಬಾಲಿಸಿ ಚಿತ್ರ ಮೂಡಿಸುವ ಪಾತ್ ಟ್ರೇಸಿಂಗ್‌ನಲ್ಲಿ ನಾಯ್ಸ್ (ಚಿತ್ರದ ಮೇಲಿನ ಮರಳಿನಂಥ ಚುಕ್ಕೆಗಳು) ಅರ್ಧಕ್ಕಿಳಿಯಬೇಕಾದರೆ ಸ್ಯಾಂಪಲ್ ನಾಲ್ಕು ಪಟ್ಟು ಬೇಕು, ಅದಕ್ಕೆ ತಕ್ಕಂತೆ ಸಮಯವೂ ಬೇಕು. ಅಷ್ಟು ಮಾಡಿದರೂ ನಾಯ್ಸ್ ಅಲ್ಲದ ಪಟ್ಟೆ ಇನ್ನಷ್ಟು ಸ್ಪಷ್ಟವಾಯಿತೇ ಹೊರತು ಹೋಗಲಿಲ್ಲ. ಆಮೇಲೆ ಸೂಚಿಸಿದ, ನಾಯ್ಸ್ ಅಳಿಸುವ ಡಿನಾಯ್ಸರ್ ಅದನ್ನು ಮೇಜು ಕುರ್ಚಿಗಳಂತೆ ದೃಶ್ಯದ ಭಾಗವೆಂದೇ ತಿಳಿದು ಉಳಿಸಿಕೊಂಡಿತು. ಅತಿ ಪ್ರಖರ ಬೆಳಕಿಗೆ ಮಿತಿ ಹಾಕುವ ಕ್ಲ್ಯಾಂಪ್ ಮೌಲ್ಯವನ್ನು ಇಳಿಸಿದಾಗ ಪಟ್ಟೆ ತುಸು ಬೂದಾಯಿತು, ಜೊತೆಗೆ ಕಿಟಕಿಯ ಹೊಳಪೂ ಹಿತ್ತಾಳೆಯ ದೀಪದ ಮಿನುಗೂ ಸತ್ತುಹೋದವು. ಗಾಜಿನ ಬುರುಡೆಯೊಳಗಿನ ಪುಟ್ಟ ಬಲ್ಬಿನಿಂದ ಹುಟ್ಟುವ ಬಿಡಿ ಬಿಳಿ ಚುಕ್ಕೆಗಳಿಗೆ ಕ್ಲ್ಯಾಂಪ್ ಸರಿಯಾದ ಮದ್ದು. ನಾವು ಹೇಳುತ್ತಿರುವುದು ಬೇರೆಯೇ ತೊಂದರೆ. ಗೋಡೆಗಳಿಗೆ ದಪ್ಪ ಕೊಡಿ ಎಂಬ ಸಲಹೆಯೂ ಬಂತು. ನಮ್ಮ ಮಾದರಿಯ ಗೋಡೆಗಳು ಮೊದಲಿನಿಂದಲೂ 9 ಇಂಚಿನವು, ಅಲ್ಲಿ ಬೆಳಕು ಎಲ್ಲಿಯೂ ಸೋರುತ್ತಿಲ್ಲ.

ಪಟ್ಟೆಯನ್ನು ಫೋಟೊ ತಿದ್ದುವ ತಂತ್ರಾಂಶದಲ್ಲಿ ಅಳಿಸಿಕೊಳ್ಳಿ ಎಂಬ ಕೊನೆಯ ಸಲಹೆಯನ್ನು ನಾವು ಒಪ್ಪಲಾರೆವು. ಒಂದು ಸ್ಥಿರಚಿತ್ರದಲ್ಲಿ ಅದು ಸಾಧ್ಯವಿರಬಹುದು. ಮನೆಯೊಳಗೆ ನಡೆದು ನೋಡಿದಂತೆ ತೋರಿಸುವ ವೀಡಿಯೊದಲ್ಲಿ ಪ್ರತಿಬಿಂಬ ಫ್ರೇಮ್ ಫ್ರೇಮಿಗೂ ಜಾಗ ಬದಲಿಸುತ್ತದೆ. ಅದಕ್ಕಿಂತ ಹೆಚ್ಚಿನ ಮಾತೆಂದರೆ, ಈ ಚಿತ್ರವನ್ನು ನಂಬಿಯೇ ಮನೆಯವರು ಹಣ ಹೂಡುತ್ತಾರೆ, ಎಲೆಕ್ಟ್ರಿಷಿಯನ್ ಪಾಯಿಂಟ್‌ಗಳನ್ನು ಗುರುತು ಮಾಡುತ್ತಾರೆ. ನೆಲದಲ್ಲಿ ಕಾಣುವ ಬೆಳಕು ಯಾವ ದೀಪದ್ದೆಂದು ಮನೆಯ ಹಿರಿಯರು ಕೇಳಿದಾಗ, ಅಂಥ ದೀಪವೇ ಇಲ್ಲವೆಂದು ಹೇಳಬೇಕಾಗುವುದು ನಮ್ಮ ಕೆಲಸದ ಮೇಲಿನ ನಂಬಿಕೆಯನ್ನೇ ಅಲುಗಿಸುತ್ತದೆ. ಸಿಪಿಯು ಮೂಲಕ ಕೆಲಸ ಮುಂದುವರಿಸೋಣವೆಂದರೆ ನಮ್ಮ ಯಂತ್ರಗಳಲ್ಲಿ ಅದು ತೀರ ನಿಧಾನ; ಜಿಪಿಯು ವೇಗಕ್ಕಾಗಿಯೇ ನಾವು ಈ ಚಂದಾ ಪಡೆದಿರುವುದು.

ಆದ್ದರಿಂದ ಇದು ತಂತ್ರಾಂಶದ ದೋಷವೆಂದು ಲಿಖಿತವಾಗಿ ಒಪ್ಪಿ, ಸರಿಪಡಿಸುವ ದಿನಾಂಕವನ್ನು ತಿಳಿಸಬೇಕೆಂದು ಕೋರುತ್ತೇವೆ. ಅಲ್ಲಿಯವರೆಗೆ ಹಿಂದಿನ ಆವೃತ್ತಿಯನ್ನು ಡೌನ್‌ಲೋಡ್ ಮಾಡಿಕೊಳ್ಳಲು ಅವಕಾಶ ಕೊಡಬೇಕು, ಹೊಸ ಆವೃತ್ತಿಯಲ್ಲಿ ಉಳಿಸಿದ ಫೈಲುಗಳು ಅದರಲ್ಲಿ ತೆರೆಯುವಂತೆಯೂ ನೋಡಿಕೊಳ್ಳಬೇಕು. ಜಿಪಿಯು ರೆಂಡರಿಂಗ್ ನಮಗೆ ಉಪಯೋಗಕ್ಕೆ ಬಾರದ ಅವಧಿಯಷ್ಟು ಚಂದಾವನ್ನು ವಿಸ್ತರಿಸಬೇಕು. ತಿಳಿದಿರುವ ದೋಷಗಳ ಪಟ್ಟಿಯಲ್ಲಿ ಇದನ್ನು ಇಂದೇ ಸೇರಿಸಿದರೆ, ನಮ್ಮಂಥ ಇತರ ಕಚೇರಿಗಳು ಸ್ಯಾಂಪಲ್ ಏರಿಸುತ್ತ ರಾತ್ರಿಗಳನ್ನು ಕಳೆಯುವುದಾದರೂ ತಪ್ಪುತ್ತದೆ.

ಪರೀಕ್ಷಾ ಫೈಲು, ಸಿಪಿಯು ಮತ್ತು ಜಿಪಿಯು ಚಿತ್ರಗಳು, ಗ್ರಾಫಿಕ್ಸ್ ಡ್ರೈವರ್‌ನ ವಿವರ ಹಾಗೂ ಈವರೆಗಿನ ಪತ್ರವ್ಯವಹಾರವನ್ನು ಲಗತ್ತಿಸಿದ್ದೇವೆ. ಈ ಪತ್ರವನ್ನು ರೆಂಡರಿಂಗ್ ಎಂಜಿನ್ ಬರೆಯುವ ತಂಡಕ್ಕೆ ತಲುಪಿಸಿ, ಅವರಿಂದಲೇ ಉತ್ತರ ಕೊಡಿಸಬೇಕಾಗಿ ವಿನಂತಿ.

ಇಂತಿ,
ತಮ್ಮ ಚಂದಾದಾರರು,
ಒಳಾಂಗಣ ವಿನ್ಯಾಸ ಕಚೇರಿ, ಮೈಸೂರು