ಭಾನುವಾರದ ಮಾತುಕತೆ: ಯುದ್ಧಕ್ಕೂ ಮುಂಚಿನ ವಿಯೆಟ್ನಾಂ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 5ಕ್ಕೆ ನಮ್ಮ ಇತಿಹಾಸ ಗುಂಪಿನ ವಿಡಿಯೋ ಕರೆ ಇದೆ. ವಿಷಯ, 1954ರ ಜಿನೀವಾ ಒಪ್ಪಂದದಿಂದ 17ನೇ ಅಕ್ಷಾಂಶದಲ್ಲಿ ಇಬ್ಭಾಗವಾದ ವಿಯೆಟ್ನಾಂನಲ್ಲಿ ಎರಡೂ ಸರ್ಕಾರಗಳು ತಮ್ಮದೇ ಜನರನ್ನು ಹೇಗೆ ನಡೆಸಿಕೊಂಡವು ಎಂಬುದು.

ದಕ್ಷಿಣದ ಬಗ್ಗೆ ಜಾಸ್ತಿ ಮಾತಾಡೋಣ. 1955ರ ಅಕ್ಟೋಬರ್‌ನ ಜನಮತದಲ್ಲಿ (ರಾಷ್ಟ್ರದ ಮುಖ್ಯಸ್ಥ ಯಾರಾಗಬೇಕು ಎಂಬ ಮತದಾನ) ಅಲ್ಲಿನ ಪ್ರಧಾನಿ ನ್ಗೋ ದಿನ್ ಡಿಯೆಮ್‌ಗೆ ಶೇ. 98ಕ್ಕೂ ಹೆಚ್ಚು ಮತ ಬಂತು ಎಂದು ಘೋಷಿಸಿದರು. ರಾಜಧಾನಿ ಸೈಗಾನ್‌ನಲ್ಲಂತೂ ನೋಂದಾಯಿತ ಮತದಾರರಿಗಿಂತ ಹೆಚ್ಚು ಮತ! 1956ರಲ್ಲಿ ಇಡೀ ದೇಶಕ್ಕೆ ನಡೆಯಬೇಕಿದ್ದ ಚುನಾವಣೆ ನಡೆಯಲೇ ಇಲ್ಲ. ಆಮೇಲೆ 1959ರ ಮೇನಲ್ಲಿ ಸರ್ಕಾರದ ವಿರೋಧಿಗಳನ್ನು ಶಿಕ್ಷಿಸುವ 10/59 ಕಾನೂನು ಬಂತು. ವಿಶೇಷ ಸೇನಾ ನ್ಯಾಯಾಲಯ, ಮರಣದಂಡನೆ ಇಲ್ಲವೇ ಜೀವಾವಧಿ, ಮೇಲ್ಮನವಿಗೆ ಅವಕಾಶವೇ ಇಲ್ಲ. ಇದನ್ನು ಓದಿದಾಗ ನನಗೆ ನಿದ್ದೆ ಬರಲಿಲ್ಲ.

ಉತ್ತರವನ್ನು ಸುಮ್ನೆ ಬಿಡುವುದು ಬೇಡ. ಅಲ್ಲಿ ಭೂಸುಧಾರಣೆಯ ಹೆಸರಲ್ಲಿ ಸಾವಿರಾರು ಜನರ ಪ್ರಾಣ ಹೋಯಿತು. 1956ರಲ್ಲಿ ಆಳುತ್ತಿದ್ದ ಕಮ್ಯುನಿಸ್ಟ್ ಪಕ್ಷವೇ ತಪ್ಪಾಯಿತು ಎಂದು ಒಪ್ಪಿಕೊಂಡಿತು, ಟ್ರುವಾಂಗ್ ಚಿನ್ ಪಕ್ಷದ ಪ್ರಧಾನ ಕಾರ್ಯದರ್ಶಿ ಸ್ಥಾನ ಬಿಟ್ಟರು. ಅದೇ ನವೆಂಬರ್‌ನಲ್ಲಿ ನ್ಗೆ ಆನ್ ಪ್ರಾಂತ್ಯದ ರೈತರು ದಂಗೆ ಎದ್ದಾಗ ಸೈನ್ಯ ಕಳಿಸಿದರು.

ಜಿನೀವಾ ಒಪ್ಪಂದದ ಪಾಲನೆಯ ಮೇಲೆ ಕಣ್ಣಿಟ್ಟಿದ್ದ ಅಂತರರಾಷ್ಟ್ರೀಯ ಆಯೋಗಕ್ಕೆ ನಮ್ಮ ಭಾರತವೇ ಅಧ್ಯಕ್ಷ. ಅದು ಏನು ಮಾಡಬಹುದಿತ್ತು, ಯಾರಾದರೂ ಹತ್ತು ನಿಮಿಷ ಹೇಳುತ್ತೀರಾ?

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ "ಬರುತ್ತೇನೆ" ಎಂದು ಬರೆಯಿರಿ. ಮಾತಾಡುವವರು ಯಾವ ಭಾಗ ಎಂದೂ ತಿಳಿಸಿ. ಲಿಂಕ್ ಶನಿವಾರ ಹಾಕುತ್ತೇನೆ. ದಯವಿಟ್ಟು ಸಮಯಕ್ಕೆ ಸರಿಯಾಗಿ ಬನ್ನಿ.